ಜಗಲಿಯ ಮಾತು: ಹಿಂದಿರುಗುವ ಗಂಟೆ

ಕಳೆದ ಎರಡು ಸಂಚಿಕೆಗಳಲ್ಲಿ ಈ ಪುಟವು ಬಾರದಿದ್ದುದಕ್ಕೆ ಕಾರಣವೇನೆಂದು ಕೆಲವರು ವಾಚಕರು ಕೇಳಿ ಬರೆದಿರುವರು. ಅವರ ವಿಶ್ವಾಸಕ್ಕೆ ನಾನು ಋಣಿ. ನಮ್ಮ ಮಗಳೂ ಅಳಿಯಂದಿರೂ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಉದ್ಯೋಗದ ಮೇಲೆ ಇರುವುದರಿಂದ, ನಾನೂ ಮನೆಯಾಕೆಯೂ ಅಲ್ಲಿಗೆ ಹೋಗಿ ಎರಡು ತಿಂಗಳ ಕಾಲ ಇದ್ದು ಬಂದೆವು. ಆ ದೇಶದ ಕೋಟೆಗಳನ್ನೂ ಅರಮನೆಗಳನ್ನೂ ವರ್ಣಿಸುವ ಉದ್ದೇಶ ನನಗಿಲ್ಲ. ಅಂತಹ ವರ್ಣನೆಗಳು ಬೇಕಾದಷ್ಟು ಬಂದಿವೆ. ಒಂದು ದಿನದ ಬೆಟ್ಟದ ಯಾತ್ರೆಯ ವಿಷಯವನ್ನು ಮಾತ್ರ ಈ ಸಲ ಹೇಳಬೇಕೆಂದಿರುವೆನು. ಬೆಟ್ಟವನ್ನು ಹತ್ತಿದವನು ನಾನಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಳಗೆ ಕುಳಿತು, ಕೈಯಲ್ಲಿ ಒಂದು ಕಾಗದವನ್ನು ಹಿಡಿದುಕೊಂಡು ಕಾದವನು ನಾನು. ಹತ್ತಿದವರ ಕಥೆಗಳು ಪುಸ್ತಕಗಳಲ್ಲಿ ಹೇರಳವಾಗಿವೆ. ಕಾದವರ ಕಥೆಯನ್ನು ಬರೆದವರು ಕಡಮೆ.

ಸ್ಕಾಟ್ಲೆಂಡಿನ ಉತ್ತರ ಪಶ್ಚಿಮ ಭಾಗಗಳಿಗೆ ಹೈಲೆಂಡ್ಸ್, ಎಂದರೆ ಮೇಲ್ನಾಡು, ಎಂದು ಹೆಸರು. ಅಲ್ಲಿಯ ಬೆಟ್ಟಗಳು ಎತ್ತರದ ಲೆಕ್ಕದಲ್ಲಿ ದೊಡ್ಡವೇನೂ ಅಲ್ಲ. ಎಲ್ಲಕ್ಕಿಂತ ಉನ್ನತವಾದ ಬೆನ್ ನೆವಿಸ್ ಸಹ ೧೩೪೫ ಮೀಟರಷ್ಟೆ. ಆದರೆ ಆ ಜನಕ್ಕೆ ತಮ್ಮ ಬೆಟ್ಟಗಳ ಮೇಲಿರುವ ಮಮತೆಯು ಆಶ್ಚರ್ಯಕರವಾದುದು. ಸರ್ ಹ್ಯೂ ಮನ್ರೋ ಎಂಬವರು ೧೮೯೧ರಲ್ಲಿ ಮೂರು ಸಾವಿರ ಅಡಿಗೆ ಮೀರಿದ ಬೆಟ್ಟಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅಂದಿನಿಂದ ಅಂತಹ ಬೆಟ್ಟಕ್ಕೆ 'ಮನ್ರೋ' ಎಂದೇ ಹೆಸರಾಯಿತು. ಈಗಿನ ಎಣಿಕೆಯಂತೆ ಅವು ೨೮೨. ಅವೆಲ್ಲವನ್ನೂ ಹತ್ತಿ ಮುಗಿಸುವುದನ್ನೇ ವ್ರತವಾಗಿ ಇಟ್ಟುಕೊಂಡವರು ಆ ದೇಶದಲ್ಲಿ ಸಾವಿರಾರು ಮಂದಿ ಇದ್ದಾರೆ. ಪಟ್ಟಿಯನ್ನು ಮಾಡಿದ ಮನ್ರೋ ಅವರಿಗೆ ಮಾತ್ರ ವ್ರತವು ಪೂರ್ಣವಾಗಲಿಲ್ಲ. ಕೆಲವನ್ನು ಉಳಿಸಿಯೇ ೧೯೧೯ರಲ್ಲಿ ತೀರಿಕೊಂಡರು. ನಮ್ಮ ಅಳಿಯಂದಿರಿಗೂ ಈ ವ್ರತದ ಸೋಂಕು ತಗುಲಿದೆ. ಮಗಳು ಅವರ ಸಂಗಡ ಹೋಗುತ್ತಾಳೆ. ಪಟ್ಟಿಗಾಗಿ ಅಲ್ಲವೆಂದು ಅವಳು ಹೇಳುವುದುಂಟು.

ಮೇ ತಿಂಗಳ ಕೊನೆಯ ವಾರಕ್ಕೆ ಅವರು ಆರಿಸಿಕೊಂಡಿದ್ದುದು ಬೆನ್ ಆಲ್ಡರ್ ಎಂಬ ಬೆಟ್ಟ. ಎತ್ತರ ೧೧೪೮ ಮೀಟರು. ಇದರ ಕಷ್ಟವು ಎತ್ತರದಲ್ಲಿಲ್ಲ, ದೂರದಲ್ಲಿದೆ. ವಾಹನವನ್ನು ನಿಲ್ಲಿಸಬಹುದಾದ ಡಾಲ್‌ವಿನ್ನಿ ಎಂಬ ಹಳ್ಳಿಯಿಂದ ಶಿಖರಕ್ಕೆ ಹೋಗಿ ಬರುವುದೆಂದರೆ ಹೆಚ್ಚು ಕಡಮೆ ೪೦ ಕಿಲೋಮೀಟರು. ನಡುವೆ ಊರಿಲ್ಲ, ಅಂಗಡಿಯಿಲ್ಲ, ಮೊಬೈಲಿನ ಸಂಪರ್ಕವನ್ನು ನಂಬುವಂತಿಲ್ಲ. ಮೊದಲಿಗೆ ಲಾಖ್ ಎರಿಖ್ಟ್ ಎಂಬ, ಇಪ್ಪತ್ತು ಕಿಲೋಮೀಟರಿಗೂ ಮೀರಿ ಉದ್ದವಾದ ಸರೋವರದ ದಡದಲ್ಲಿ ಮಣ್ಣಿನ ದಾರಿ, ಅನಂತರ ಬೀಳುಭೂಮಿ, ಅನಂತರ ಬೆಟ್ಟ. ಇಷ್ಟನ್ನೂ ಒಂದೇ ಹಗಲಿನಲ್ಲಿ ಮುಗಿಸಿ ಬರಬೇಕೆಂಬುದು ಸಂಕಲ್ಪ.

ಹೊರಡುವುದಕ್ಕೆ ಎರಡು ದಿನ ಮುಂಚೆ, ರಾತ್ರಿ ಊಟವಾದ ಮೇಲೆ, ಎಡಿನ್‌ಬರೋದ ಮನೆಯ ಊಟದ ಮೇಜನ್ನು ಒರಸಿ ಅದರ ಮೇಲೆ ಭೂಪಟವನ್ನು ಹರಡಿದರು. ಅಲ್ಲಿಯ ಸರ್ವೆ ಇಲಾಖೆಯವರು ಮಾಡಿರುವ ಭೂಪಟ, ಸೊಗಸಾದುದು. ಒಂದೊಂದು ಕಿಲೋಮೀಟರಿಗೆ ಒಂದೊಂದು ಚೌಕ. ಎತ್ತರವನ್ನು ತೋರಿಸುವ ಕಂದು ಗೆರೆಗಳು. ಗೆರೆಗಳು ಒತ್ತಾಗಿ ಸೇರಿದ್ದರೆ ಕಡಿದಾದ ಇಳಿಜಾರು, ದೂರದೂರವಿದ್ದರೆ ಬಯಲು. ಆದರೆ ನನ್ನ ಕಣ್ಣು ಹೋದದ್ದು ಹೆಸರುಗಳ ಕಡೆಗೆ. ಅವು ಗೇಲಿಕ್ ಎಂಬ ಆ ನಾಡಿನ ಹಳೆಯ ಭಾಷೆಯ ಮಾತುಗಳು. ಸರ್ ವಿಲಿಯಂ ಜೋನ್ಸ್ ೧೭೮೬ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಕುಲದಲ್ಲಿಯೇ ಈ ಕೆಲ್ಟಿಕ್ ಭಾಷೆಗಳನ್ನೂ ಸೇರಿಸಬಹುದೆಂದು ಸೂಚಿಸಿದ್ದುದು ನೆನಪಾಯಿತು. ಅವರು ಹತ್ತಕ್ಕೆ 'ಜೆಖ್' ಎನ್ನುತ್ತಾರೆ, ನಮ್ಮ ದಶ. ಕುದುರೆಗೆ 'ಎಖ್' ಎನ್ನುತ್ತಾರೆ, ನಮ್ಮ ಅಶ್ವ. ಅರಸನಿಗೆ 'ರೀ' ಎನ್ನುತ್ತಾರೆ, ನಮ್ಮ ರಾಜನ್. ಧ್ವನಿಯು ಸವೆದುಹೋಗಿದ್ದರೂ ನಂಟು ನಂಟೇ. ನಾನು ಈ ವಿಷಯವನ್ನು ವಿಸ್ತರಿಸಲು ತೊಡಗಿದಾಗ ಮಗಳು, "ಅಪ್ಪ, ನಿರುಕ್ತ ನಾಳೆಗಿರಲಿ, ಈಗ ದಾರಿ ನೋಡೋಣ" ಎಂದಳು.

ಆದರೆ ಹೆಸರೇ ದಾರಿಯನ್ನು ಹೇಳುತ್ತದೆಂದು ತೋರಿಸಿಕೊಟ್ಟವರು ಅಳಿಯಂದಿರು. 'ಬೆನ್' ಎಂದರೆ ಬೆಟ್ಟ. 'ಬ್ಯಾಲಖ್' ಎಂದರೆ ಎರಡು ಬೆಟ್ಟಗಳ ನಡುವಣ ಕಣಿವೆದಾರಿ. 'ಕೋರಿ' ಎಂದರೆ ಮೂಲಾರ್ಥದಲ್ಲಿ ಕೊಪ್ಪರಿಗೆ. ಹಿಮಪ್ರವಾಹವು ಬಹುಕಾಲದ ಹಿಂದೆ ಬೆಟ್ಟದ ಪಕ್ಕವನ್ನು ಕೊರೆದು ಮಾಡಿದ ಬೋಗುಣಿಯಂತಹ ತಗ್ಗಿಗೆ ಆ ಹೆಸರು. 'ಗಾರವ್' ಎಂದರೆ ಒರಟಾದುದು. ಭೂಪಟದಲ್ಲಿ ಬೆನ್ ಆಲ್ಡರಿನ ಪೂರ್ವದ ಮಗ್ಗುಲಿಗೆ 'ಗಾರವ್ ಕೋರಿ' ಎಂದು ಬರೆದಿದ್ದರೆ, ಒರಟು ಕೊಪ್ಪರಿಗೆ ಎಂದರ್ಥ; ಎಂದರೆ ಆ ಕಡೆಗೆ ಕಾಲಿಡಬೇಡಿ ಎಂದು ಯಾರೋ ಪುರಾತನ ದನಗಾಹಿಯು ಹೇಳಿಹೋದಂತೆ ಆಯಿತು. ಆ ಬೆಟ್ಟದ ನೆತ್ತಿಯು ಮೊನೆಯಲ್ಲ, ವಿಶಾಲವಾದ ಬಯಲು. ಬಯಲಿನ ಪೂರ್ವದ ಅಂಚು ಥಟ್ಟನೆ ಕಡಿದು ಬೀಳುತ್ತದೆ. ಚಳಿಗಾಲದ ಗಾಳಿಯು ಹಿಮವನ್ನು ತಳ್ಳಿ ತಂದು ಆ ಅಂಚಿನ ಹೊರಗೆ ಸೂರಿನಂತೆ ಚಾಚಿ ನಿಲ್ಲಿಸುತ್ತದೆ. ಮೇ ತಿಂಗಳಿನಲ್ಲಿಯೂ ಅದರ ಶೇಷವು ಇರಬಹುದು. ನೋಡುವವನಿಗೆ ಅದು ನೆಲವೇ. ಕೆಳಗೆ ಮಾತ್ರ ನೆಲವಿಲ್ಲ.

ಇನ್ನು ಕಾಲದ ಲೆಕ್ಕ. ಇದರಲ್ಲಿ ನನಗೂ ಸ್ವಲ್ಪ ಪಾಲು ದೊರೆಯಿತು. ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಗಿರಿಚಾರಿಯು ೧೮೯೨ರಲ್ಲಿ ಒಂದು ಸೂತ್ರವನ್ನು ಹೇಳಿದನು. ಭೂಪಟದ ಮೇಲಣ ಮೂರು ಮೈಲಿಗೆ ಒಂದು ಗಂಟೆ. ಅದಲ್ಲದೆ ಏರುವ ಪ್ರತಿ ಎರಡು ಸಾವಿರ ಅಡಿಗೆ ಮತ್ತೊಂದು ಗಂಟೆ. ಪಾಣಿನಿಗೆ ಮೆಚ್ಚುಗೆಯಾಗುವಷ್ಟು ಅಡಕವಾದ ಸೂತ್ರ. ಆದರೆ ಸೂತ್ರಕ್ಕೆ ವಾರ್ತಿಕವೂ ಬೇಕಲ್ಲವೆ? ನೇಸ್ಮಿತ್ ಹೇಳಿದುದು ಗಟ್ಟಿಮುಟ್ಟಾದವರು ಸಾಧಾರಣವಾದ ಹವೆಯಲ್ಲಿ ನಡೆಯುವ ಹೊತ್ತು. ಕುಳಿತು ತಿನ್ನುವುದು, ಬೂಟಿನ ದಾರವನ್ನು ಕಟ್ಟುವುದು, ಚಿತ್ರ ತೆಗೆಯುವುದು, ದಾರಿ ತಪ್ಪಿ ಹುಡುಕುವುದು, ಇವು ಯಾವುವೂ ಅದರಲ್ಲಿ ಸೇರಿಲ್ಲ. ಪೂರ್ತಿ ಕಾಲ್ನಡಿಗೆಯಲ್ಲಿ ಹೋದರೆ ಇಪ್ಪತ್ತೈದು ಮೈಲಿಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಡಾಲ್‌ವಿನ್ನಿಯೇ ಸುಮಾರು ೩೫೦ ಮೀಟರು ಎತ್ತರದಲ್ಲಿರುವುದರಿಂದ ಏರಬೇಕಾದುದು ೮೦೦ ಮೀಟರು, ಎಂದರೆ ಎರಡು ಸಾವಿರದ ಆರುನೂರು ಅಡಿ. ಅದಕ್ಕೆ ಇನ್ನೂ ಒಂದು ಗಂಟೆ ಇಪ್ಪತ್ತು. ಒಟ್ಟು ಒಂಬತ್ತು ಗಂಟೆ ನಲವತ್ತು ನಿಮಿಷ ಬಿಡುವಿಲ್ಲದ ನಡಿಗೆ. ಇದು ಹೆಚ್ಚಾಯಿತೆಂದು, ಒಳ್ಳೆಯ ದಾರಿ ಇರುವಷ್ಟು ದೂರ, ಹೋಗುತ್ತ ಹದಿಮೂರು ಬರುತ್ತ ಹದಿಮೂರು ಕಿಲೋಮೀಟರು, ಬೈಸಿಕಲ್ಲಿನ ಮೇಲೆ ಹೋಗುವುದೆಂದು ನಿಶ್ಚಯವಾಯಿತು. ಆಗ ಲೆಕ್ಕವು ಏಳು ಗಂಟೆಗೆ ಇಳಿಯಿತು. ಅಳಿಯಂದಿರು "ಏಳು" ಎಂದು ಬರೆದರು. ನಾನು ಅದರ ಪಕ್ಕದಲ್ಲಿ "ಮತ್ತು ಎರಡು" ಎಂದು ಬರೆಸಿದೆನು. ಮೂವತ್ತು ವರ್ಷ ಮಕ್ಕಳನ್ನು ವಿಹಾರಕ್ಕೆ ಕರೆದುಕೊಂಡು ಹೋದವನಿಗೆ ಆ ಎರಡು ಗಂಟೆಗಳು ಎಲ್ಲಿ ಹೋಗುತ್ತವೆಂಬುದು ಗೊತ್ತು.

ಹವೆಯ ವಿಷಯ. ಮೇಲಕ್ಕೆ ಹೋದ ಹಾಗೆ ಪ್ರತಿ ಸಾವಿರ ಮೀಟರಿಗೆ ಸುಮಾರಾಗಿ ಆರೂವರೆ ಡಿಗ್ರಿ ಉಷ್ಣತೆಯು ತಗ್ಗುತ್ತದೆ. ಹಳ್ಳಿಯಲ್ಲಿ ಹನ್ನೆರಡು ಡಿಗ್ರಿ ಇದ್ದರೆ ನೆತ್ತಿಯಲ್ಲಿ ಆರೋ ಏಳೋ. ಇದಕ್ಕೆ ಗಂಟೆಗೆ ಅರುವತ್ತು ಕಿಲೋಮೀಟರಿನ ಗಾಳಿಯು ಸೇರಿದರೆ ಮೈಗೆ ತೋರುವುದು ನೀರು ಹೆಪ್ಪುಗಟ್ಟುವ ಚಳಿ. ಇದು ಬೇಸಗೆಯ ಮಾತು! ಬೆಟ್ಟಗಳಿಗೆಂದೇ ಬೇರೆಯಾಗಿ ಹವಾಮಾನದ ಮುನ್ಸೂಚನೆಯನ್ನು ಕೊಡುವ ವ್ಯವಸ್ಥೆ ಆ ದೇಶದಲ್ಲಿದೆ; ಮಳೆ ಬರುವುದೋ ಎಂಬುದಕ್ಕಿಂತ ನೆತ್ತಿಯ ಮೇಲೆ ಗಾಳಿ ಎಷ್ಟು, ಮೋಡವು ಎಷ್ಟು ಎತ್ತರದಲ್ಲಿ ಕೂರುವುದು ಎಂಬುದನ್ನೇ ಅದರಲ್ಲಿ ಮೊದಲು ನೋಡುತ್ತಾರೆ. ಮಗಳು ತನ್ನ ಹತ್ತಿಯ ಅಂಗಿಗಳನ್ನು ಮನೆಯಲ್ಲಿಯೇ ಬಿಟ್ಟು ಉಣ್ಣೆಯವನ್ನು ಇಟ್ಟುಕೊಂಡಳು. ನೆನೆದ ಹತ್ತಿಯು ಮೈಯ ಕಾವನ್ನು ಹೀರಿಬಿಡುವುದಂತೆ; ಉಣ್ಣೆಯು ನೆನೆದರೂ ಸ್ವಲ್ಪ ಕಾವನ್ನು ಉಳಿಸುವುದು. ಬೆಳಕಿಗೆ ಮಾತ್ರ ಕೊರತೆಯಿಲ್ಲ. ೫೭ನೆಯ ಅಕ್ಷಾಂಶಕ್ಕೆ ಸಮೀಪವಾದ ಆ ಸ್ಥಳದಲ್ಲಿ ಮೇ ಕೊನೆಗೆ ಬೆಳಗಿನ ಜಾವ ನಾಲ್ಕೂವರೆಗೆ ಸೂರ್ಯೋದಯ, ರಾತ್ರಿ ಹತ್ತರ ಸಮೀಪಕ್ಕೆ ಅಸ್ತಮಾನ. ಡಿಸೆಂಬರಿನಲ್ಲಾದರೆ ಹಗಲು ಏಳು ಗಂಟೆಯೂ ಇರದು. ಆಗ ಈ ಯಾತ್ರೆಯ ಮಾತನ್ನೇ ಎತ್ತುವಂತಿಲ್ಲ.

ಭೂಪಟದಲ್ಲಿ ಬೆಟ್ಟದ ಈಚೆಗೆ ಕಲ್ರಾ ಎಂಬ ಒಂದು ಗುಡಿಸಲಿದೆ. ಇಂತಹ ಬೀಗವಿಲ್ಲದ ಗುಡಿಸಲುಗಳು ಆ ಸೀಮೆಯಲ್ಲಿ ಅಲ್ಲಲ್ಲಿ ಇದ್ದು, ದಾರಿಹೋಕರು ಯಾರ ಅಪ್ಪಣೆಯೂ ಇಲ್ಲದೆ ತಂಗಬಹುದು. ನಮ್ಮ ಅರವಟ್ಟಿಗೆ, ಛತ್ರಗಳ ಧರ್ಮವೇ. ಹಳೆಯ ಮಾರ್ಗದರ್ಶಿಗಳು ಕಲ್ರಾವನ್ನು ಹೊಗಳಿವೆ. ಆದರೆ ಅದರಲ್ಲಿ ಕಲ್ನಾರು ಇದ್ದುದು ಕಂಡುಬಂದು ಅದನ್ನು ಮುಚ್ಚಿದರು. ಹಳೆಯ ಪುಸ್ತಕವನ್ನು ನಂಬಿ ಮಳೆಯಲ್ಲಿ ಅಲ್ಲಿಗೆ ಓಡಿದವನ ಪಾಡೇನು? ಆದುದರಿಂದ 'ಆಶ್ರಯ: ಇಲ್ಲ' ಎಂದೇ ಬರೆದುಕೊಂಡರು. ಖಾಸಗಿ ಜಮೀನಿನ ಮೇಲೆ ಹೋಗಬಹುದೆ ಎಂದು ನಾನು ಸಂಶಯಪಟ್ಟೆನು. ೨೦೦೩ರ ಭೂಸುಧಾರಣಾ ಶಾಸನದಂತೆ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗಾದರೂ ಬೆಟ್ಟದ ಮೇಲೆ ನಡೆಯುವ ಹಕ್ಕಿದೆಯೆಂದೂ, ಆಗಸ್ಟಿನಿಂದ ಅಕ್ಟೋಬರಿನವರೆಗೆ ಜಿಂಕೆಯ ಬೇಟೆ ನಡೆಯುವ ದಿನಗಳಲ್ಲಿ ಮಾತ್ರ ಜಮೀನಿನವರನ್ನು ವಿಚಾರಿಸಿಕೊಂಡು ಹೋಗುವುದು ಮರ್ಯಾದೆಯೆಂದೂ ತಿಳಿಯಿತು.

ಸಾಮಾನುಗಳ ಪಟ್ಟಿಯನ್ನು ಇಲ್ಲಿ ಪೂರ್ತಿಯಾಗಿ ಬರೆಯುವುದಿಲ್ಲ. ದಿಕ್ಸೂಚಿ, ಟಾರ್ಚು, ಸೀಟಿ. ಇಬ್ಬರು ಹೊಕ್ಕು ಕೂರಬಹುದಾದ ಒಂದು ದೊಡ್ಡ ಚೀಲ. ಸೀಟಿಯನ್ನು ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ ಊದಿದರೆ ಅಪಾಯದ ಸಂಕೇತವಂತೆ. ಬುತ್ತಿಯ ಭಾರವನ್ನು ಮನೆಯಾಕೆ ವಹಿಸಿಕೊಂಡಳು: ಚಪಾತಿ, ಚಟ್ನಿಪುಡಿ, ಕೊಬ್ಬರಿಮಿಠಾಯಿ, ಹುರಿಗಡಲೆ. ಪಟ್ಟಿಯ ಕೊನೆಯಲ್ಲಿ 'ಬೈಸಿಕಲ್ ಪಂಪು, ತೇಪೆ, ಅಂಟು' ಎಂದಿತ್ತು. ಅಳಿಯಂದಿರು ಪ್ರತಿಯೊಂದಕ್ಕೂ ಗುರುತು ಹಾಕುತ್ತ ಬಂದು, ಇದಕ್ಕೂ ಹಾಕಿದರು. ಈ ಗುರುತನ್ನು ವಾಚಕರು ಜ್ಞಾಪಕದಲ್ಲಿ ಇಟ್ಟುಕೊಂಡಿರಬೇಕು.

ಎಲ್ಲವೂ ಆದ ಮೇಲೆ ಮಗಳು ಒಂದು ಹಾಳೆಯನ್ನು ತೆಗೆದುಕೊಂಡು ಬರೆಯಲು ಕುಳಿತಳು. ಯಾರು ಯಾರು ಹೋಗುವುದು. ಯಾವ ದಾರಿಯಿಂದ ಏರಿ ಯಾವುದರಿಂದ ಇಳಿಯುವುದು. ಯಾವ ಬಣ್ಣದ ಅಂಗಿ. ಬೆಳಿಗ್ಗೆ ಎಂಟಕ್ಕೆ ಹೊರಡುವುದು. ಎಲ್ಲಿಯೇ ಇರಲಿ, ಮಧ್ಯಾಹ್ನ ಎರಡು ಗಂಟೆಗೆ ಹಿಂದಿರುಗುವುದು. ಸಂಜೆ ಐದಕ್ಕೆ ಬರುವ ನಿರೀಕ್ಷೆ. ರಾತ್ರಿ ಒಂಬತ್ತಕ್ಕೆ ಬಾರದಿದ್ದರೆ ೯೯೯ಕ್ಕೆ ಕರೆದು ಪೋಲೀಸರನ್ನು ಕೇಳಿ ಪರ್ವತರಕ್ಷಣಾ ದಳ ಬೇಕೆಂದು ಹೇಳುವುದು. ಪೋಲೀಸರಿಗೆ ತೋರಿಸಲು ಇಂಗ್ಲಿಷಿನಲ್ಲೊಂದು ಪ್ರತಿ, ತಾಯಿಗಾಗಿ ಕನ್ನಡದಲ್ಲೊಂದು ಪ್ರತಿ. ಅಳಿಯಂದಿರು ಆ ಹಾಳೆಯನ್ನು ಓದಿ, ಸ್ವಲ್ಪ ಆಲೋಚಿಸಿ, ಒಂದು ವಾಕ್ಯವನ್ನು ಸ್ವಹಸ್ತದಿಂದ ಸೇರಿಸಿದರು: ನೆತ್ತಿಯ ಬಯಲಿನಲ್ಲಿ ಮೋಡವಿದ್ದರೆ ಏಣಿನ ತುದಿಯಿಂದ ಮುಂದಕ್ಕೆ ಹೋಗುವುದಿಲ್ಲ.

"ಐದಕ್ಕೆ ಬರುವವರಿಗೆ ಒಂಬತ್ತರವರೆಗೆ ಕಾಯುವುದೇಕೆ?" ಎಂದು ಮನೆಯಾಕೆ ಕೇಳಿದಳು. ಆ ದಳದವರು ಸಂಬಳದ ನೌಕರರಲ್ಲ, ಊರೂರಿನ ಸ್ವಯಂಸೇವಕರು. ಕರೆ ಬಂದರೆ ಊಟದ ತಟ್ಟೆಯನ್ನು ಬಿಟ್ಟು ಎದ್ದು ಬರುತ್ತಾರೆ, ಕಾಸನ್ನೂ ಕೇಳುವುದಿಲ್ಲ. ಸುಮ್ಮಸುಮ್ಮನೆ ಕರೆಯುವುದು ತಪ್ಪು. ಕರೆಯಬೇಕಾದಾಗ ಸಂಕೋಚಪಟ್ಟು ಸುಮ್ಮನಿರುವುದು ಇನ್ನೂ ದೊಡ್ಡ ತಪ್ಪು. ಎರಡರ ನಡುವೆ ಒಂದು ಗಂಟೆಯನ್ನು, ಮನಸ್ಸು ಶಾಂತವಾಗಿರುವಾಗಲೇ ಗೊತ್ತುಮಾಡಿಡಬೇಕೆಂದು ಮಗಳು ಉತ್ತರ ಹೇಳಿದಳು. ನನಗೆ ಅದು ಸರಿಯೆನಿಸಿತು. ತಾಯಿಗೆ ಸರಿಯೆನಿಸಿದಂತೆ ಕಾಣಲಿಲ್ಲ.

ಮಾರನೆಯ ಸಂಜೆ ನಾಲ್ವರೂ ಡಾಲ್‌ವಿನ್ನಿಗೆ ಹೋಗಿ ಒಂದು ಮನೆಯಲ್ಲಿ ಕೋಣೆ ಹಿಡಿದೆವು. ಅದೊಂದು ಪುಟ್ಟ ಊರು; ಇಂಗ್ಲೆಂಡು ಸ್ಕಾಟ್ಲೆಂಡುಗಳಲ್ಲೆಲ್ಲ ಅತ್ಯಂತ ಚಳಿಯ ಹಳ್ಳಿಗಳಲ್ಲಿ ಒಂದೆಂದು ಪ್ರಸಿದ್ಧ. ಒಂದು ರೈಲುನಿಲ್ದಾಣ, ಒಂದು ಮದ್ಯದ ಭಟ್ಟಿ. ಭಟ್ಟಿಯನ್ನು ನೋಡಲು ದೂರದೇಶಗಳಿಂದ ಜನ ಬರುತ್ತಾರೆ. ನಾನು ಅದರ ಹೊರಗಿನ ಬಿಳಿಯ ಗೋಡೆಯನ್ನು ನೋಡಿ ತೃಪ್ತನಾದೆನು. ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿರುವಾಗ ಅವರಿಬ್ಬರೂ ಹೊರಟರು. ಹಾಳೆಯು ನನ್ನ ಜೇಬಿಗೆ ಬಂದಿತು. ಅದರ ನಕಲೊಂದನ್ನು ಮನೆಯ ಯಜಮಾನಿಗೂ ಕೊಟ್ಟಿದ್ದರು.

ಹಗಲು ಕಳೆಯುವುದು ಕಷ್ಟವಾಗಲಿಲ್ಲ. ಆ ಬೆಟ್ಟಕ್ಕೆ ಒಂದು ಇತಿಹಾಸವಿದೆ. ೧೭೪೬ರ ಏಪ್ರಿಲಿನಲ್ಲಿ ಕಲಾಡನ್ ಯುದ್ಧದಲ್ಲಿ ಸೋತ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟನು ಐದು ತಿಂಗಳು ತಲೆಮರೆಸಿಕೊಂಡು ಅಲೆದು, ಸೆಪ್ಟೆಂಬರಿನಲ್ಲಿ ಬೆನ್ ಆಲ್ಡರಿನ ಮಗ್ಗುಲಲ್ಲಿ ಕ್ಲೂನಿ ಮ್ಯಾಕ್‌ಫರ್ಸನ್ ಎಂಬ ಪಾಳೆಯಗಾರನ ಅಡಗುದಾಣದಲ್ಲಿ ಕೆಲವು ದಿನ ಇದ್ದನು. ಅವನನ್ನು ಹಿಡಿದುಕೊಟ್ಟವರಿಗೆ ಮೂವತ್ತು ಸಾವಿರ ಪೌಂಡು ಎಂದು ಸರ್ಕಾರವು ಸಾರಿತ್ತು. ಬಡವರ ಸೀಮೆ; ಆದರೂ ಯಾರೂ ಹಿಡಿದುಕೊಡಲಿಲ್ಲ. ಅಲ್ಲಿರುವಾಗಲೇ ಫ್ರಾನ್ಸಿನ ಹಡಗು ಬಂದ ಸುದ್ದಿಯು ತಲುಪಿ, ಅವನು ಪಶ್ಚಿಮದ ಕರಾವಳಿಗೆ ಹೋಗಿ ಪಾರಾದನು. ಕ್ಲೂನಿ ಮಾತ್ರ ಇನ್ನೂ ಒಂಬತ್ತು ವರ್ಷಗಳ ಕಾಲ ಅದೇ ಬೆಟ್ಟಗಳಲ್ಲಿ ಅವಿತಿದ್ದು ೧೭೫೫ರಲ್ಲಿ ದೇಶವನ್ನು ಬಿಟ್ಟನು. ಒಬ್ಬನು ಒಂಬತ್ತು ವರ್ಷ ಬೆಟ್ಟದ ಮೇಲೆ ಅಡಗಿರಬೇಕಾದರೆ, ಕೆಳಗಿನವರು ಎಷ್ಟು ಮಂದಿ ಅವನ ಗುಟ್ಟನ್ನೂ ಹಿಟ್ಟನ್ನೂ ಹೊತ್ತಿರಬೇಕು!

ನಾನು ಪಾಠಶಾಲೆಯಲ್ಲಿ ಮೇಘದೂತವನ್ನು ಅನೇಕ ವರ್ಷ ಪಾಠ ಹೇಳಿದವನು. ಪೂರ್ವಮೇಘವನ್ನು ಬೇಗ ಬೇಗ ದಾಟಿಸಿ, ಅಲಕೆಯ ವರ್ಣನೆಗೂ ಯಕ್ಷನ ಸಂದೇಶಕ್ಕೂ ಹುಡುಗರನ್ನು ಕೊಂಡೊಯ್ಯುವ ಆತುರ ನನಗೆ ಯಾವಾಗಲೂ ಇದ್ದಿತು. ಯಕ್ಷನು ಮೇಘಕ್ಕೆ ಮೊದಲು ದಾರಿಯನ್ನು ಹೇಳುತ್ತಾನೆ, ಸಂದೇಶವನ್ನು ಹೇಳುವುದು ಆಮೇಲೆ. ದಣಿದಾಗ ಯಾವ ಶಿಖರದ ಮೇಲೆ ಇಳಿಯುವುದು, ಬಡವಾದಾಗ ಯಾವ ಹೊಳೆಯ ನೀರು ಕುಡಿಯುವುದು, ಎಲ್ಲಿ ಸುತ್ತಾದರೂ ಚಿಂತೆಯಿಲ್ಲವೆಂದು ಹೋಗುವುದು, ಇವನ್ನೆಲ್ಲ ಅಷ್ಟು ಜೋಕೆಯಿಂದ ಹೇಳುವವನು ತಾನು ಮಾತ್ರ ರಾಮಗಿರಿಯನ್ನು ಬಿಟ್ಟು ಕದಲುವಂತಿಲ್ಲ. ಇದು ನನಗೆ ಡಾಲ್‌ವಿನ್ನಿಯ ಕಿಟಕಿಯಲ್ಲಿ ಕುಳಿತು ದಕ್ಷಿಣದ ಮೋಡವನ್ನು ನೋಡುತ್ತಿದ್ದಾಗ ಹೊಳೆಯಿತು. ನನ್ನ ಹಳೆಯ ಶಿಷ್ಯರಲ್ಲಿ ಯಾರಾದರೂ ಇದನ್ನು ಓದಿದರೆ ಆ ಆತುರವನ್ನು ಕ್ಷಮಿಸಬೇಕು.

ಐದು ಹೊಡೆಯಿತು. ಬರಲಿಲ್ಲ. ಆರು ಹೊಡೆಯಿತು. ಮನೆಯಾಕೆ ರಸ್ತೆಯ ತಿರುವಿನವರೆಗೆ ಎರಡು ಸಲ ಹೋಗಿ ಬಂದಳು. ಏಳಕ್ಕೆ, "ಏನು, ಹೀಗೆಯೇ ಕೂತಿರುತ್ತೀರಾ? ಫೋನು ಮಾಡಬಾರದೆ?" ಎಂದಳು. ನಾನು ಹಾಳೆಯನ್ನು ತೋರಿಸಿದೆನು. "ಹಾಳೆಗೆ ಮಕ್ಕಳ ಮೇಲೆ ಕರುಳಿದೆಯೆ?" ಎಂದಳು. ಈ ಪ್ರಶ್ನೆಗೆ ಯಾವ ಶಾಸ್ತ್ರದಲ್ಲಿಯೂ ಉತ್ತರವಿಲ್ಲ. ಎಂಟರ ಹೊತ್ತಿಗೆ ನನ್ನ ಧೈರ್ಯವೂ ಕರಗತೊಡಗಿತು. ಹೊರಗೆ ಹಗಲಿನಂತೆ ಬೆಳಕು. ದಕ್ಷಿಣದಲ್ಲಿ ಬೂದುಬಣ್ಣದ ಮೋಡ ಕೆಳಕ್ಕೆ ಕುಳಿತಿತ್ತು. ಎಂಟೂಕಾಲಿಗೆ ನಾನೇ ಎದ್ದು ಹೋಗಿ ಯಜಮಾನಿಯನ್ನು, ಈಗಲೇ ಕರೆದರೆ ಹೇಗೆ ಎಂದು ಕೇಳಿದೆನು. ಆಕೆ ತನ್ನ ಬಳಿಯಿದ್ದ ನಕಲನ್ನು ಗೋಡೆಯಿಂದ ತೆಗೆದು ನೋಡಿದಳು. ಆಕೆಯ ಮಾತಿನ ಧಾಟಿ ನನಗೆ ಪೂರ್ತಿ ತಿಳಿಯದಿದ್ದರೂ ಅರ್ಥವು ತಿಳಿಯಿತು: ಇದರಲ್ಲಿ ಒಂಬತ್ತೆಂದಿದೆ, ಒಂಬತ್ತು ಹೊಡೆದ ಒಡನೆ, ಒಂದು ನಿಮಿಷವನ್ನೂ ಬಿಡದೆ ನಾನೇ ಕರೆಯುತ್ತೇನೆ, ಅದುವರೆಗೆ ನೀವಿಬ್ಬರೂ ಚಹಾ ಕುಡಿಯಿರಿ. ದೂರವಾಣಿಯನ್ನು ತಂದು ಚಹಾ ಪಾತ್ರೆಯ ಪಕ್ಕದಲ್ಲಿಯೇ ಇಟ್ಟಳು. ಮನೆಯಾಕೆಯು ಚಹಾವನ್ನು ಮುಟ್ಟಲಿಲ್ಲ.

ಎಂಟು ಗಂಟೆ ನಲವತ್ತು ನಿಮಿಷಕ್ಕೆ ದಾರಿಯಲ್ಲಿ ಎರಡು ಆಕೃತಿಗಳು ಕಂಡವು. ಇಬ್ಬರೂ ನಡೆಯುತ್ತಿದ್ದರು, ಇಬ್ಬರೂ ಬೈಸಿಕಲ್ಲುಗಳನ್ನು ತಳ್ಳುತ್ತಿದ್ದರು.

ನಡೆದುದು ಇಷ್ಟು. ಮಧ್ಯಾಹ್ನ ಒಂದು ಗಂಟೆ ನಲವತ್ತಕ್ಕೆ ಅವರು ಏಣನ್ನು ಏರಿ ಬಯಲಿನ ಅಂಚನ್ನು ಮುಟ್ಟಿದ್ದರು. ಶಿಖರವು ಅಲ್ಲಿಂದ ಸುಮಾರು ಒಂದು ಕಿಲೋಮೀಟರು, ಏರಿಕೆಯೂ ಹೆಚ್ಚಿಲ್ಲ. ಆ ವೇಳೆಗೆ ಮೋಡವು ಬಂದು ಮುಸುಕಿತು. ಇಪ್ಪತ್ತು ಹೆಜ್ಜೆಗಿಂತ ಆಚೆಗೆ ಏನೂ ಕಾಣದು. ನೆಲದ ಮೇಲೆ ಅಲ್ಲಲ್ಲಿ ಹಿಮ, ಮೇಲೆ ಮೋಡ, ಎರಡೂ ಬಿಳುಪು. ಎರಡು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷವಿದೆ, ದಿಕ್ಸೂಚಿಯನ್ನು ಹಿಡಿದು ಮುಟ್ಟಿ ಬಂದುಬಿಡೋಣವೆಂದು ಅಳಿಯಂದಿರು. ಗಂಟೆಯ ಲೆಕ್ಕದಲ್ಲಿ ಅವರ ಮಾತು ಸರಿಯೇ. ಮಗಳು ವಾದ ಮಾಡಲಿಲ್ಲವಂತೆ. ಹಾಳೆಯ ಕೊನೆಯ ವಾಕ್ಯವು ಯಾರ ಅಕ್ಷರದಲ್ಲಿದೆಯೆಂದು ಮಾತ್ರ ಕೇಳಿದಳಂತೆ. ಅವರು ಎರಡು ನಿಮಿಷ ನಿಂತಿದ್ದು, ಕೊಬ್ಬರಿಮಿಠಾಯಿಯನ್ನು ತಿಂದು, ಹಿಂದಿರುಗಿದರು. ಮೋಡವು ಆಮೇಲೆ ತೆರೆಯಿತೋ ಇಲ್ಲವೋ ಅವರು ನೋಡಲಿಲ್ಲ.

ಸಂಜೆ ನಾಲ್ಕೂಮುಕ್ಕಾಲಿಗೆ, ಬೈಸಿಕಲ್ಲುಗಳನ್ನು ಹತ್ತಿ ಅರ್ಧ ಮೈಲಿ ಬರುವಷ್ಟರಲ್ಲಿ ಮಗಳ ಗಾಲಿಗೆ ಚೂಪಾದ ಕಲ್ಲು ತಾಗಿ ಗಾಳಿ ಹೋಯಿತು. ತೇಪೆಯಿತ್ತು, ಪಂಪಿತ್ತು. ಅಂಟಿನ ಕೊಳವೆಯನ್ನು ಹಿಂದೆಂದೋ ಒಂದು ಸಲ ತೆರೆದಿದ್ದುದರಿಂದ ಒಳಗೆಲ್ಲ ಒಣಗಿ ಗಟ್ಟಿಯಾಗಿತ್ತು. ಪಟ್ಟಿಯಲ್ಲಿ ಅದಕ್ಕೆ ಗುರುತು ಬಿದ್ದಿತ್ತು; ಮುಚ್ಚಳವನ್ನು ತಿರುಗಿಸಿ ನೋಡಿದವರಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಹುಡುಗನು ತರಗತಿಯಲ್ಲಿ ಇದ್ದಾನೆಂದು ನಂಬಿ ನಾನೂ ಮೋಸಹೋದುದುಂಟಾದುದರಿಂದ, ಅಳಿಯಂದಿರಿಗೆ ಏನನ್ನೂ ಹೇಳಲಿಲ್ಲ. ಅರ್ಧ ಗಂಟೆಗೂ ಮೇಲೆ ಏನೇನೋ ಪ್ರಯತ್ನಮಾಡಿ ಕೊನೆಗೆ ಸುಮಾರು ಹನ್ನೆರಡು ಕಿಲೋಮೀಟರು ನಡೆದೇ ಬಂದರು. ಐದೂ ಕಾಲಿನಿಂದ ಎಂಟೂ ನಲವತ್ತರವರೆಗೆ.

ಮನೆಯಾಕೆಯ ತಕರಾರು ಬೇರೆ. ಒಂದು ಬೈಸಿಕಲ್ಲು ಸರಿಯಾಗಿಯೇ ಇತ್ತಲ್ಲ, ಒಬ್ಬರು ಹತ್ತಿಕೊಂಡು ಮುಂದೆ ಬಂದು ನಮಗೆ ಸುದ್ದಿ ಹೇಳಿದ್ದರೆ ಆರು ಗಂಟೆಗೇ ಎದೆ ತಣ್ಣಗಾಗುತ್ತಿತ್ತಲ್ಲ? ಅಳಿಯಂದಿರು ವಿನಯದಿಂದಲೇ, "ಹಾಗೂ ಯೋಚಿಸಿದೆವು, ಅತ್ತೆ. ಆದರೆ ಒಂಬತ್ತಕ್ಕೆ ಮುಂಚೆ ತಲಪುತ್ತೇವೆಂದು ಲೆಕ್ಕ ಸಿಕ್ಕಿತು. ಬೇರೆಬೇರೆಯಾಗಬಾರದೆಂದು ಒಟ್ಟಿಗೇ ಬಂದೆವು" ಎಂದರು. ಬೆಟ್ಟದ ಮೇಲೆ ಜೊತೆಗಾರರು ಅಗಲಬಾರದೆಂಬ ನಿಯಮವು ಸಾಧುವಾದುದೇ. ಆದರೆ ಸರೋವರದ ದಡದ ಸಮದಾರಿಯಲ್ಲಿ, ಹಾಡುಹಗಲಿನಂತಹ ಬೆಳಕಿನಲ್ಲಿ ಅದು ಅಷ್ಟು ಅವಶ್ಯವಾಗಿತ್ತೆ? ಈ ವಿಷಯದಲ್ಲಿ ನಾನು ಇನ್ನೂ ನಿರ್ಣಯಕ್ಕೆ ಬಂದಿಲ್ಲ. ಮೂರು ದಿನ ಮನೆಯಲ್ಲಿ ಇದೇ ಚರ್ಚೆ ನಡೆಯಿತು. ಬೆಟ್ಟವನ್ನು ಮುಟ್ಟದೆ ಬಂದ ವಿಷಯವನ್ನು ಯಾರೂ ಎತ್ತಲಿಲ್ಲ.

ಆಗಸ್ಟಿನ ಬೇಟೆಯ ಕಾಲಕ್ಕೆ ಮುಂಚೆ ಮತ್ತೆ ಹೋಗುವುದೆಂದು ಅವರು ನಿಶ್ಚಯಿಸಿರುವರು. ಹೋದ ವಾರ ಮಗಳು ಹೊಸ ಹಾಳೆಯ ಛಾಯಾಚಿತ್ರವನ್ನು ನಮಗೆ ಕಳುಹಿಸಿ, ತಿದ್ದುವುದಿದ್ದರೆ ತಿದ್ದಿ ಎಂದು ಬರೆದಳು. ಮೊದಲನೆಯ ಸಾಲಿನಲ್ಲಿ 'ಹೊಸ ಅಂಟು, ಮುಚ್ಚಳ ತೆಗೆದು ನೋಡಿದ್ದು' ಎಂದಿತ್ತು. ಎರಡು ಗಂಟೆಯೂ ಒಂಬತ್ತು ಗಂಟೆಯೂ ಹಿಂದಿನಂತೆಯೇ ಇದ್ದವು. ನಾನು ಯಾವುದನ್ನೂ ತಿದ್ದಲಿಲ್ಲ. ಮನೆಯಾಕೆಯು ಕನ್ನಡಕವನ್ನು ತರಿಸಿಕೊಂಡು ಎರಡು ಸಲ ಓದಿ, ಕೆಳಗೆ ಒಂದು ಸಾಲನ್ನು ಸೇರಿಸಿ ಕಳುಹಿಸೆಂದು ನನಗೆ ಹೇಳಿ ಬರೆಯಿಸಿದಳು: ಗಾಲಿ ಕೆಟ್ಟರೆ, ಕೆಡದ ಗಾಲಿಯವರು ಮುಂದೆ ಬರತಕ್ಕದ್ದು.